ಹಾಸನದ ಜಾಝ್ ಬೇಸು, ಬಸ್ಸಲ್ಲಿ ಬಂದ ಪಿಕಪ್ಪು

ಹೋದ ಜೂನಲ್ಲಿ ಹಾಸನಕ್ಕೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಸ್ಕ್ವಯರ್ (ಫೆಂಡರ್ ಕಂಪನಿಯದೇ ಅಗ್ಗದ ಬ್ರ್ಯಾಂಡು) ಜಾಝ್ ಬೇಸ್ ಗಿಟಾರ್ ತಗೊಂಡ್ ಬಂದೆ. ಓಎಲ್ಎಕ್ಸಲ್ಲಿ ಫೋಟೋ ನೋಡಿದಾಗಿಂದ ಮನಸ್ಸೆಲ್ಲಾ ಅದರ ಮೇಲೇ ಇತ್ತು. ಮಾರ್ತಿದ್ದ ಹುಡುಗ ಇಂಜಿನಿಯರಿಂಗ್ ಮುಗಿಸಿ ಪುಣೆಗೆ ಕೆಲಸಕ್ಕೆ ಹೊರಟಿದ್ದ, 22 ಸಾವಿರ ಹೇಳಿದ್ದ. "ಅಣ್ಣಾ, ಬ್ರಿಡ್ಜ್ ಕಡೆ ಪಿಕಪ್ ಹೊಸದು ಹಾಕ್ಸಿದೀನಿ, ಒಳಗೆಲ್ಲಾ ಕಾಪರ್ ಟೇಪ್ ಅಂಟ್ಸಿದೀನಿ, ಅದಕ್ಕೇ ತುಂಬಾ ಖರ್ಚಾಗಿದೆ" ಅಂದ. ಪಿಕಪ್ಪು ಅಂದ್ರೆ ತಂತಿಯ ಕಂಪನನ ಕರೆಂಟಾಗಿ ಮಾಡೋ ಮ್ಯಾಗ್ನೆಟ್ಟು-ಸುರುಳಿ, ಬ್ರಿಡ್ಜ್ ಅಂದ್ರೆ ತಂತಿಗಳ ಬುಡ ಹಿಡಿಯೋ ಭಾಗ, ಟೇಪು ಹೊರಗಿನ ಗಲಾಟೆ ತಡೆಯಕ್ಕೆ. ಅವನ ಸಂಕಟ ನಂಗೆ ಅರ್ಥ ಆಗತ್ತೆ, ಆದ್ರೆ ಮಾಡಿಫಿಕೇಶನ್‌ಗೆ ಸುರಿದ ದುಡ್ಡು ಮಾರುವಾಗ ವಾಪಸ್ ಬರಲ್ಲ, ತಗೊಳ್ಳೋನು ಕಂಪನಿ ಹೇಗೆ ಕೊಟ್ಟಿತ್ತೋ ಆ ಗಿಟಾರಿಗೆ ರೇಟ್ ಕಟ್ತಾನೆ. ಕೊನೆಗೆ 18,500ಕ್ಕೆ ಒಪ್ಕೊಂಡ.

ಹಳೇ ಬೇಸ್ ನೋಡಕ್ಕೆ ಹೋಗೋವಾಗ ನನ್ನದೇ ಕೇಬಲ್ಲು, ಬ್ಯಾಟರಿಲಿ ನಡೆಯೋ ಚಿಕ್ಕ ಹೆಡ್‌ಫೋನ್ ಆಂಪು, ಅಲೆನ್ ಕೀ ಸೆಟ್ಟು ಮೂರೂ ಬ್ಯಾಗಲ್ಲಿ ಇರತ್ತೆ. ಮೊದಲು ನೋಡೋದು ನೆಕ್ಕು, ಅಂದ್ರೆ ಗಿಟಾರಿನ ಉದ್ದನೇ ಕತ್ತು. ಬಡಗಿ ಹಲಗೆ ನೋಡ್ತಾನಲ್ಲ, ಹಂಗೆ ಒಂದು ಕಣ್ಣು ಮುಚ್ಚಿ ತಲೆ ಕಡೆಯಿಂದ ಉದ್ದಕ್ಕೂ ನೋಡ್ಬೇಕು, ತಿರುಚಿಕೊಂಡಿದ್ರೆ ಅಲ್ಲಿಗೇ ಬಿಟ್ಟು ಎದ್ದು ಬರೋದೇ ವಾಸಿ. ಆಮೇಲೆ ತಂತಿನ ಮೊದಲನೇ ಫ್ರೆಟ್ಟಲ್ಲೂ (ಕತ್ತಿನ ಮೇಲಿನ ಅಡ್ಡಪಟ್ಟಿ) ಕೊನೇ ಫ್ರೆಟ್ಟಲ್ಲೂ ಒತ್ತಿ ಹಿಡಿದು ಏಳೆಂಟನೇ ಫ್ರೆಟ್ ಹತ್ರ ಎಷ್ಟು ಸಂದು ಉಳಿಯತ್ತೆ ನೋಡ್ಬೇಕು, ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಇದ್ರೆ ಸರಿ. ಜಾಸ್ತಿ ಇದ್ರೆ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಕಾಲು ಸುತ್ತು ಬಿಗಿ ಮಾಡಿದ್ರೆ ಸರಿಹೋಗತ್ತೆ, ಆದ್ರೆ ಆ ನಟ್ಟು ಇನ್ನೂ ತಿರುಗತ್ತಾ, ಇಲ್ಲಾ ಕೊನೇವರೆಗೂ ಬಿಗಿಯಾಗಿ ಹೋಗಿದ್ಯಾ ಅಂತ ಮಾಲೀಕನ್ನ ಕೇಳಿ ಅವನ ಎದುರಿಗೇ ನೋಡ್ಬೇಕು. ಇದರಲ್ಲಿ ಎಲ್ಲಾ ಚೆನ್ನಾಗಿತ್ತು. ಹೆಡ್‌ಫೋನ್ ಹಾಕ್ಕೊಂಡು ನುಡಿಸಿದೆ, ಸದ್ದು ಗಂಟೆ ಥರ ಕ್ಲೀನಾಗಿತ್ತು.

ನಾನು ಗಮನಿಸದೇ ಇದ್ದಿದ್ದು ಏನಂದ್ರೆ ಅವತ್ತು ಅವರ ಬೀದೀಲಿ ಕರೆಂಟೇ ಇರ್ಲಿಲ್ಲ.

ಬೆಂಗಳೂರಿಗೆ ಬಂದು ರಾತ್ರಿ ಆಂಪಿಗೆ ಹಾಕಿದ್ರೆ ಗುಂಯ್ಯ್ಯ್ ಅಂತ ಒಂದೇ ಸಮ. ಟ್ಯೂಬ್‌ಲೈಟ್ ಹತ್ರ ಹೋದ್ರೆ ಇನ್ನೂ ಜಾಸ್ತಿ. ತಂತಿ ಮುಟ್ಟಿದ್ರೆ ಸ್ವಲ್ಪ ಕಮ್ಮಿ ಆಗ್ತಿತ್ತು, ಅಂದ್ರೆ ಬ್ರಿಡ್ಜ್ ಕೆಳಗಿನ ಗ್ರೌಂಡ್ ವೈರ್ ಸರಿಯಾಗೇ ಇದೆ ಅಂತ ಅರ್ಥ. ಕಂಟ್ರೋಲ್ ಪ್ಲೇಟ್ ಬಿಚ್ಚಿ ನೋಡಿದೆ. ಪಾಪ ಹುಡುಗ ಎಷ್ಟು ಅಚ್ಚುಕಟ್ಟಾಗಿ ಟೇಪ್ ಅಂಟ್ಸಿದ್ದ ಅಂದ್ರೆ ಒಂದು ಸುಕ್ಕಿಲ್ಲ, ಆದ್ರೆ ಮಲ್ಟಿಮೀಟರ್ ಇಟ್ರೆ ಬೀಪ್ ಬರ್ತಿಲ್ಲ, ಒಂದು ಪಟ್ಟಿಗೂ ಪಕ್ಕದ ಪಟ್ಟಿಗೂ ಸಂಪರ್ಕಾನೇ ಇಲ್ಲ. ಎಷ್ಟೋ ಟೇಪಲ್ಲಿ ಅಂಟು ಕರೆಂಟ್ ಹಾಯಿಸಲ್ಲ. ಪ್ರತಿ ಜೋಡಣೇಲೂ ಒಂದೊಂದು ಚುಕ್ಕಿ ಬೆಸುಗೆ ಹಾಕಿ, ಅಲ್ಲಿಂದ ವಾಲ್ಯೂಮ್ ಪಾಟ್ (ನಾಬಿನ ಕೆಳಗೆ ತಿರುಗೋ ರೆಸಿಸ್ಟರು) ಬೆನ್ನಿಗೆ ಒಂದು ವೈರ್ ಎಳೆದೆ. ಒಂದು ಪಾಟ್ ಕರಕರ ಅಂತಿತ್ತು, ಅದನ್ನೂ ಬದಲಾಯಿಸೋಣ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ ನಾಲ್ಕು ಅಂಗಡಿ ಸುತ್ತಿದೆ. 250ಕೆ (ಕಿಲೋಓಮ್) ಪಾಟ್ ಕೇಳಿದ್ರೆ ಬಿ ಅಂತ ಬರೆದಿರೋದನ್ನೇ ಕೊಡ್ತಾರೆ, ಅದು ಲೀನಿಯರ್, ವಾಲ್ಯೂಮಿಗೆ ಎ ಅಂತ ಇರೋದು ತಗೊಂಡ್ರೆ ಸದ್ದು ಹದವಾಗಿ ಏರತ್ತೆ. ಶಾಫ್ಟ್ ದಪ್ಪಾನೂ ನೋಡ್ಕೊಳ್ಳಿ, ಹಳೇ ನಾಬ್ ಜೇಬಲ್ಲಿ ಇಟ್ಕೊಂಡ್ ಹೋಗಿ ಅಲ್ಲೇ ಕೂರಿಸಿ ನೋಡೋದು ಒಳ್ಳೇದು.

ಇಷ್ಟಾದ್ಮೇಲೆ ಝರ್ ಅನ್ನೋ ಸದ್ದು ಹೋಯ್ತು, ಕೆಳಗಿನ ಗುಂಯ್ ಮಾತ್ರ ಹಂಗೇ ಉಳೀತು. ಶೀಲ್ಡಿಂಗ್ (ಈ ತಾಮ್ರದ ಹೊದಿಕೆ) ಎಷ್ಟೇ ಮಾಡಿದ್ರೂ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪು ಟ್ರಾನ್ಸ್‌ಫಾರ್ಮರ್‌ನಿಂದ, ಮನೆ ವೈರಿಂಗ್‌ನಿಂದ ಬರೋ ಕರೆಂಟಿನ 50 ಹರ್ಟ್ಸ್ ಗುಂಯ್ ಎಳ್ಕೊಳ್ಳತ್ತೆ, ಅದಕ್ಕೇ ಕರೆಂಟಿಲ್ಲದ ಹಾಸನದಲ್ಲಿ ಕೇಳಿಸಿರ್ಲಿಲ್ಲ. ಫೆಂಡರ್‌ನೋರು 1957ರಲ್ಲಿ ಪ್ರಿಸಿಷನ್ ಬೇಸಿಗೆ ಪಿಕಪ್ಪನ್ನ ಎರಡು ತುಂಡು ಮಾಡಿ ಈ ಕಾಟ ತಪ್ಪಿಸಿದ್ರು, ಎರಡು ತುಂಡೂ ಒಂದಕ್ಕೊಂದು ಉಲ್ಟಾ ಸುತ್ತಿರೋದು. 1960ರಲ್ಲಿ ಬಂದ ಜಾಝ್ ಬೇಸಲ್ಲಿ ಅದೇ ಕೆಲಸನ ನೆಕ್ ಪಿಕಪ್ಪೂ ಬ್ರಿಡ್ಜ್ ಪಿಕಪ್ಪೂ ಸೇರಿ ಮಾಡ್ಬೇಕು. ಕಾಯಿಲ್ ಸುತ್ತು ಉಲ್ಟಾ, ಮ್ಯಾಗ್ನೆಟ್ಟೂ ಉಲ್ಟಾ, ಎರಡೂ ವಾಲ್ಯೂಮ್ ಪೂರ್ತಿ ಇಟ್ರೆ ಒಂದರ ಗುಂಯ್ ಇನ್ನೊಂದರ ಗುಂಯ್ಯನ್ನ ನುಂಗತ್ತೆ, ತಂತಿ ಸದ್ದು ಮಾತ್ರ ಉಳಿಯತ್ತೆ. ನಂದರಲ್ಲಿ ಎರಡೂ ಪೂರ್ತಿ ಇಟ್ರೂ ಸದ್ದಡಗ್ತಿರ್ಲಿಲ್ಲ.

ಮಗಳ ಸೈನ್ಸ್ ಕಿಟ್ಟಲ್ಲಿ ಒಂದು ಪುಟಾಣಿ ದಿಕ್ಸೂಚಿ ಇತ್ತು, ಅವಳ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಪಿಕಪ್ ಹತ್ರ ಹಿಡಿದೆ. ನೆಕ್ ಪಿಕಪ್ಪಿಗೆ ಮುಳ್ಳಿನ ಕೆಂಪು ತುದಿ ತಿರುಗ್ತು. ಬ್ರಿಡ್ಜ್ ಪಿಕಪ್ಪಿಗೆ ಹಿಡಿದ್ರೆ ಬಿಳಿ ತುದಿ ಬರ್ಬೇಕಿತ್ತು, ಅಲ್ಲೂ ಕೆಂಪೇ. "ಅಪ್ಪಾ, ಎರಡೂ ಒಂದೇ ಕಡೆ!" ಅಂದ್ಳು. ಹೊಸ ಪಿಕಪ್ ಒಳ್ಳೇದೇ, ಆದ್ರೆ ಒಂದನ್ನೇ ಬಿಡಿಯಾಗಿ ತಗೊಂಡು ಈ ಹಳೇದ್ರ ಪಕ್ಕ ಕೂರಿಸಿಬಿಟ್ಟಿದ್ದಾನೆ, ಜೋಡಿ ಕೂಡಿಲ್ಲ. ವೈರ್ ಅದಲು ಬದಲು ಮಾಡಿ ನೋಡಿದೆ, ಗುಂಯ್ ಹೋಯ್ತು, ಅದರ ಜೊತೆಗೆ ಗಿಟಾರಿನ ತೂಕ ಎಲ್ಲಾ ಹೋಗಿ ತೆಳ್ಳಗೆ ಟಿಣ್ ಟಿಣ್ ಅಂತ ಆಯ್ತು. ಮ್ಯಾಗ್ನೆಟ್ ಉಲ್ಟಾ ಇಲ್ದೇ ವೈರ್ ಒಂದೇ ಉಲ್ಟಾ ಮಾಡಿದ್ರೆ ಹಂಗೇ ಆಗೋದು.

ಹುಡುಗನಿಗೆ ಫೋನ್ ಮಾಡಿದೆ. "ಹಳೇ ಪಿಕಪ್ ಇಟ್ಕೊಂಡಿದೀಯೇನಪ್ಪಾ?" "ಅಯ್ಯೋ ಅಣ್ಣಾ, ಬಿಸಾಕಿಲ್ಲ, ಹಾಸನದ ಮನೇಲೇ ಇದೆ, ಅಮ್ಮಂಗೆ ಹೇಳ್ತೀನಿ, ಬಸ್ಸಿಗೆ ಹಾಕ್ತಾರೆ" ಅಂದ. ಮಾರನೇ ದಿನವೇ ಮೆಜೆಸ್ಟಿಕ್ಕಲ್ಲಿ ಪಾರ್ಸೆಲ್ ಬಿಡಿಸ್ಕೊಂಡೆ. ತಗಡಿನ ಬಿಸ್ಕತ್ ಡಬ್ಬ, ಮೇಲೆ ಹಳೇ ಪಂಚೆ ತುಂಡು, ತೆಗೆದ್ರೆ ಪಿಕಪ್ಪು ಮ್ಯಾಗ್ನೆಟ್ಟಿಗೆ ಡಬ್ಬದ ತಳಕ್ಕೇ ಕಚ್ಕೊಂಡು ಕೂತಿದೆ. ಅದರ ನಾಲ್ಕು ಸ್ಕ್ರೂ, ಕೆಳಗೆ ಹಾಕೋ ಫೋಮು, ಕಂಪನಿ ನಾಬ್‌ಗಳು ಎಲ್ಲಾ ಸಣ್ಣ ಸಣ್ಣ ಪೊಟ್ಟಣದಲ್ಲಿ. ಆ ಅಮ್ಮನ ಮುಖಾನೂ ನಾನು ನೋಡಿಲ್ಲ, ಫೋನಲ್ಲಿ ಥ್ಯಾಂಕ್ಸ್ ಹೇಳಿದ್ರೆ "ಸರಿಯಾಗ್ ಬಂತಲ್ಲ, ಅಷ್ಟೇ ಸಾಕು ಬಿಡಪ್ಪ" ಅಂದ್ರು.

ದಿಕ್ಸೂಚಿ ಹಿಡಿದ್ರೆ ಬಿಳಿ ತುದಿ. ಹಳೇ ಪಿಕಪ್ ಕೂರಿಸಿ, ಎರಡೂ ವಾಲ್ಯೂಮ್ ಪೂರ್ತಿ ತಿರುಗಿಸಿ, ಆಂಪ್ ಜಾಸ್ತಿ ಮಾಡಿದೆ. ಫ್ಯಾನ್ ಸದ್ದು ಕೇಳಿಸ್ತು, ಬೇರೇನೂ ಇಲ್ಲ. ಇ ತಂತಿ ಮೀಟಿದಾಗ ಕಿಟಕಿ ಗಾಜು ನಡುಗ್ತು ನೋಡಿ, ಆ ಖುಷಿ ಹೇಳಕ್ಕಾಗಲ್ಲ.

ಬೇಸ್ ಮಾರೋರು, ಮಾಡಿಫೈ ಮಾಡೋರು ಎಲ್ಲಾರ್ಗೂ ನನ್ನ ಕೋರಿಕೆ ಇಷ್ಟೇ, ಬಿಚ್ಚಿದ ಒಂದು ಸ್ಕ್ರೂನೂ ಬಿಸಾಕಬೇಡಿ, ಮಾರುವಾಗ ಆ ಡಬ್ಬಾನೂ ಗಿಟಾರ್ ಜೊತೆ ಕೊಟ್ಟುಬಿಡಿ. ಇವನು ಬಿಸಾಕಿದ್ರೆ ನಾನು ಹೊಸ ಜೋಡಿ ಪಿಕಪ್ಪೇ ತಗೋಬೇಕಾಗ್ತಿತ್ತು.

ತೆಗೆದ ಹೊಸ ಪಿಕಪ್ ವಾಪಸ್ ಕಳಿಸ್ತೀನಿ ಅಂತ ಹುಡುಗನಿಗೆ ಅಂದೆ, "ನೀವೇ ಯಾರಿಗಾದ್ರೂ ಕೊಟ್ಟು ದುಡ್ಡು ಕಳ್ಸಿ ಅಣ್ಣಾ" ಅಂದ. ಹಾಗಾಗಿ ಅದು ಮಾರಕ್ಕಿದೆ. ಉದ್ದ 94 ಮಿಲಿಮೀಟರ್, ಬ್ರಿಡ್ಜ್ ಕಡೆದು, ನೆಕ್ ಕಡೆ ಪಿಕಪ್ ಕೂರೋ ಗುಂಡಿ ಸಾಮಾನ್ಯವಾಗಿ ಎರಡು ಮಿಲಿಮೀಟರ್ ಚಿಕ್ಕದಿರತ್ತೆ, ಅಲ್ಲಿ ಹಿಡಿಯಲ್ಲ. ಬೇಕಾದೋರು ಮೊದಲು ನಿಮ್ಮ ನೆಕ್ ಪಿಕಪ್ಪಿಗೆ ದಿಕ್ಸೂಚಿ ಹಿಡಿದು ನೋಡಿ, ಬಿಳಿ ತುದಿ ತಿರುಗಿದ್ರೆ ಮಾತ್ರ ಹೇಳಿ.