ಅಹವಾಲು ಯಾರಿಗೆ, ತೀರ್ಮಾನ ಯಾರದು: ಸಂಗ್ರಹಾಲಯದ ಚರ್ಚೆಗಳಲ್ಲಿ ಕಲಿತದ್ದು

ನಾನು ಕೆಲಸ ಮಾಡುವ ಸ್ಥಳೀಯ ಇತಿಹಾಸ ಸಂಗ್ರಹಾಲಯ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿದೆ. ಮತದಾನ ಮತ್ತು ನಾಗರಿಕರ ಅಧಿಕಾರದ ಬಗ್ಗೆ ಅಲ್ಲಿ ನೆರೆಹೊರೆಯವರೊಡನೆ ನಡೆಯುವ ಚರ್ಚೆಗಳನ್ನು ಏರ್ಪಡಿಸುವುದು ನನ್ನ ಹೊಣೆ. “ಮತ ಏಕೆ ಹಾಕಬೇಕು” ಎಂದು ಕೇಳಿದರೆ ಬಂದವರೆಲ್ಲ ಶಾಲೆಯ ಪಠ್ಯದಲ್ಲಿ ಓದಿದ ಉತ್ತರವನ್ನೇ ಹೇಳುತ್ತಾರೆ. “ನಿಮ್ಮ ಬೀದಿಯ ಈ ತೀರ್ಮಾನ ಯಾರ ಕೈಯಲ್ಲಿದೆ, ಅವರನ್ನು ಆರಿಸಿದವರು ಯಾರು” ಎಂದು ಕೇಳಿದಾಗ ಮಾತ್ರ ನಿಜವಾದ ಮಾತು ಹೊರಡುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಇದು.

ಬಂದವರು ಮೊದಲು ನಿಲ್ಲುವುದು ಮೈಸೂರು ಪ್ರಜಾಪ್ರತಿನಿಧಿ ಸಭೆಯ ಫಲಕದ ಮುಂದೆ. ಸಿ. ರಂಗಾಚಾರ್ಲು ಅವರು ದಿವಾನರಾಗಿದ್ದಾಗ, 1881ರ ಅಕ್ಟೋಬರ್ 7ರಂದು, 144 ಸದಸ್ಯರೊಂದಿಗೆ ಆರಂಭವಾದ ಆ ಸಭೆಯ ಬಗ್ಗೆ ನಮ್ಮವರಿಗೆ ಹೆಮ್ಮೆಯಿದೆ, ಇರಬೇಕಾದದ್ದೂ ಹೌದು. ಆದರೆ ಆ ಸಭೆ ನಡೆಯುತ್ತಿದ್ದ ರೀತಿಯನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಜಮೀನುದಾರರು ಮತ್ತು ವರ್ತಕರೇ ಹೆಚ್ಚಾಗಿದ್ದ ಆ ಸದಸ್ಯರು ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರಿ, ದಿವಾನರ ಭಾಷಣ ಕೇಳಿ, ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಡುತ್ತಿದ್ದರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಇದನ್ನು ವಿವರಿಸಿದ ಒಂದು ಸಂಜೆ ನಿವೃತ್ತ ಬ್ಯಾಂಕ್ ನೌಕರರೊಬ್ಬರು, “ಹಾಗಾದರೆ ನಾವೂ ಈಗ ಅಲ್ಲೇ ಇದ್ದೇವಲ್ಲ ಮೇಡಂ” ಎಂದರು. ಆ ಮಾತಿನಿಂದಲೇ ಚರ್ಚೆ ಬೆಳೆಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು 74ನೇ ತಿದ್ದುಪಡಿಯ ಮೂಲಕ ಸಂವಿಧಾನವೇ ಹೇಳುತ್ತದೆ. ಹೀಗಿದ್ದರೂ ಆಮೇಲೆ ವರ್ಷಗಟ್ಟಲೆ ಈ ನಗರವನ್ನು ನಡೆಸಿದವರು ಅಧಿಕಾರಿಗಳು. 2025ರಲ್ಲಿ ಐದು ಪಾಲಿಕೆಗಳಾಗಿ ನಗರವನ್ನು ವಿಂಗಡಿಸಿದಾಗಲೂ ಆ ತೀರ್ಮಾನದಲ್ಲಿ ಮಾತಾಡಲು ಒಬ್ಬ ಕಾರ್ಪೊರೇಟರ್ ಕೂಡ ಹುದ್ದೆಯಲ್ಲಿರಲಿಲ್ಲ. ಪ್ರಜಾಪ್ರಭುತ್ವದ ಬಗ್ಗೆ ನಾನು ಎಷ್ಟು ಹೊತ್ತು ಉಪನ್ಯಾಸ ಕೊಟ್ಟಿದ್ದರೂ ಈ ಹೋಲಿಕೆಯಷ್ಟು ಮುಟ್ಟುತ್ತಿರಲಿಲ್ಲ.

ಅಂದಿನಿಂದ ಮೇಜಿನ ಮೇಲೆ ಬಡಾವಣೆಯ ದೊಡ್ಡ ನಕ್ಷೆಯೊಂದನ್ನು ಹರಡಿ, ಒಬ್ಬೊಬ್ಬರೂ ತಮ್ಮ ಒಂದು ತೊಂದರೆಯನ್ನು ಚೀಟಿಯಲ್ಲಿ ಬರೆದು ಅದರ ಜಾಗದಲ್ಲಿ ಅಂಟಿಸುವಂತೆ ಕೇಳುತ್ತೇವೆ. ಬಳಿಕ ಪ್ರತಿ ಚೀಟಿಯ ಪಕ್ಕದಲ್ಲಿ ಅದನ್ನು ತೀರ್ಮಾನಿಸುವ ಸಂಸ್ಥೆಯ ಹೆಸರು ಬರೆಯುತ್ತೇವೆ. ಚರಂಡಿ ಒಳಚರಂಡಿಯಾದರೆ ಜಲಮಂಡಳಿ, ಮಳೆನೀರಿನದಾದರೆ ಪಾಲಿಕೆ. ವಿದ್ಯುತ್ ಕಂಬವಾದರೆ ಬೆಸ್ಕಾಂ, ಬಸ್ಸಾದರೆ ಬಿಎಂಟಿಸಿ, ಹೊಸ ಬಡಾವಣೆಯಾದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. 1964ರಲ್ಲಿ ಬಂದ ಜಲಮಂಡಳಿಯೂ 1976ರಲ್ಲಿ ಬಂದ ಬಿಡಿಎಯೂ ರಾಜ್ಯ ಸರ್ಕಾರದ ಅಧೀನದ ಸಂಸ್ಥೆಗಳು, ವಾರ್ಡಿನ ಮತದಾರರಿಗೆ ನೇರವಾಗಿ ಉತ್ತರ ಕೊಡಬೇಕಾದವಲ್ಲ ಎಂಬುದು ಆಗ ನಕ್ಷೆಯ ಮೇಲೇ ಕಾಣುತ್ತದೆ. ಹೂವು ಮಾರುವ ಅಜ್ಜಿಯೊಬ್ಬರು ನೀರಿನ ಚೀಟಿಯನ್ನು ಬೆರಳಿನಿಂದ ಒತ್ತಿ ಹಿಡಿದು, “ಮಂಡಳಿ ಗಿಂಡಳಿ ನಂಗೆ ಗೊತ್ತಿಲ್ಲಮ್ಮ. ಕಾರ್ಪೊರೇಟರ್ ಮನೆ ಮುಂದೆ ಬಿಂದಿಗೆ ಇಟ್ಕೊಂಡು ಕೂತ್ರೆ ಸಂಜೆಗೆ ವಾಲ್ವ್‌ಮನ್ ಬರ್ತಿದ್ದ. ಈಗ ಯಾರ ಮನೆ ಮುಂದೆ ಕೂರ್ಲಿ?” ಎಂದರು. ಕಾನೂನಿನಲ್ಲಿ ಕಾರ್ಪೊರೇಟರ್‌ಗೆ ವಾಲ್ವ್‌ಮನ್ ಮೇಲೆ ಅಧಿಕಾರವಿರಲಿಲ್ಲ. ಆದರೂ ಮತದಾರರಿಗೆ ಗುರುತಿರುವ ಒಂದು ಮನೆಬಾಗಿಲು ಇತ್ತು, ಮತ್ತು ಆ ಬಾಗಿಲಿಗೆ ಐದು ವರ್ಷಕ್ಕೊಮ್ಮೆ ಭಯವಿತ್ತು. ಆಡಳಿತದ ನಕ್ಷೆಗಳಲ್ಲಿ ಕಾಣದ ಈ ಅಧಿಕಾರವನ್ನು ಆ ಅಜ್ಜಿಯಷ್ಟು ನಿಖರವಾಗಿ ಯಾರೂ ನನಗೆ ವಿವರಿಸಿರಲಿಲ್ಲ.

ಮತದಾರರ ಪಟ್ಟಿಯ ಕುರಿತ ಚರ್ಚೆ ಇನ್ನೊಂದು ಬಗೆಯದು. 1951–52ರ ಮೊದಲ ಮಹಾಚುನಾವಣೆಯ ಪಟ್ಟಿ ತಯಾರಾಗುವಾಗ ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರು ಸ್ವಂತ ಹೆಸರು ಹೇಳದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಸಿದ್ದರಿಂದ ಪಟ್ಟಿಯಿಂದ ಹೊರಗುಳಿದರು. ಇದನ್ನು ಕೇಳಿದ ಹೆಂಗಸರು ತಮ್ಮ ಅಮ್ಮಂದಿರ, ಅತ್ತೆಯರ ಹೆಸರುಗಳನ್ನು ಗಟ್ಟಿಯಾಗಿ ಹೇಳತೊಡಗುತ್ತಾರೆ. ಇಂದು ಹೊರಗುಳಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ರಾಯಚೂರು ಕಡೆಯಿಂದ ಬಂದು ಇಲ್ಲೇ ಗಾರೆ ಕೆಲಸ ಮಾಡುತ್ತಿರುವ ದಂಪತಿ: “ನಮ್ಮ ವೋಟು ಊರಾಗೈತ್ರಿ.” ಅವರು ಕಟ್ಟುವುದು ಈ ನಗರವನ್ನು, ಅವರ ಮಕ್ಕಳು ಓದುವುದು ಇಲ್ಲಿನ ಸರ್ಕಾರಿ ಶಾಲೆಯಲ್ಲಿ. ಕಾನೂನಿನ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ ಇರಬೇಕು, ವಾಸವಿರುವ ಕಡೆಗೆ ನಮೂನೆ 8ರ ಮೂಲಕ ವರ್ಗಾಯಿಸಿಕೊಳ್ಳಬಹುದು ಎಂದು ತಿಳಿಸಿದೆವು. ಊರಿನ ವೋಟು ಬಿಟ್ಟರೆ ಅಲ್ಲಿ ತಮ್ಮನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲವೆಂದು ಗಂಡ, ಇಲ್ಲಿ ಲೆಕ್ಕಕ್ಕೆ ಬರುವುದು ಯಾವಾಗ ಎಂದು ಹೆಂಡತಿ ವಾದಿಸಿದರು. ನಾವು ನಡುವೆ ಬಾಯಿ ಹಾಕಲಿಲ್ಲ. ಆ ತೀರ್ಮಾನ ಅವರದು.

ಪಕ್ಷಗಳ ಪರ ಪ್ರಚಾರಕ್ಕೆ ಇಲ್ಲಿ ಅವಕಾಶವಿಲ್ಲ, ಆಡಳಿತದ ಟೀಕೆಗೆ ಅಡ್ಡಿಯಿಲ್ಲ. ಈ ಎರಡನ್ನೂ ಆರಂಭದಲ್ಲೇ ಹೇಳುತ್ತೇವೆ. ಚೀಟಿಗಳನ್ನು ಸಭೆ ಮುಗಿದ ಮೇಲೆ ಬಿಸಾಡುವುದಿಲ್ಲ. ದಿನಾಂಕ ಹಾಕಿ, ಬರೆದವರ ಒಪ್ಪಿಗೆ ಪಡೆದು, ಸಂಗ್ರಹಾಲಯದ ದಾಖಲೆಗಳ ಜೊತೆಗೇ ಇಡುತ್ತೇವೆ. ಹೊಸ ವಾರ್ಡುಗಳ ಗಡಿಯನ್ನು ಅದೇ ಬಡಾವಣೆಯ ನಕ್ಷೆಯ ಮೇಲೆ ಎಳೆದು, ಯಾವ ಚೀಟಿ ಯಾವ ವಾರ್ಡಿಗೆ ಬೀಳುತ್ತದೆಂದು ನೋಡುವುದು ಮುಂದಿನ ಚರ್ಚೆಯ ವಿಷಯ.