ಅಪ್ರಿಸಿಟಿಗೆ ಕನ್ನಡದಲ್ಲಿ ಏನಂತಾರೆ?

ಡಿಸೆಂಬರ್ ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: 'ಅಪ್ರಿಸಿಟಿ ಅಂತ ಒಂದು ಇಂಗ್ಲಿಷ್ ಪದ ಇದೆಯಂತೆ, ಚಳಿಗಾಲದ ಬಿಸಿಲಿನ ಬೆಚ್ಚನೆ ಅಂತ ಅರ್ಥವಂತೆ. ಕನ್ನಡದಲ್ಲಿ ಅದಕ್ಕೇನಂತಾರೆ?'

ಪದ ಇರುವುದು ನಿಜ. 1623ರಲ್ಲಿ ಹೆನ್ರಿ ಕಾಕ್‌ರಮ್ ಎಂಬಾತ ಕಷ್ಟದ ಪದಗಳಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟಿನಲ್ಲಿ ಇದೇ ಅರ್ಥ ಕೊಟ್ಟಿದ್ದಾನೆ. ಆದರೆ ಪದ ಜನರ ಬಾಯಿಗೆ ಹತ್ತಲಿಲ್ಲ. ಏಪ್ರಿಕಾಟ್ ಹಣ್ಣಿಗೂ ಇದಕ್ಕೂ ನಂಟಾ ಅಂತಲೂ ಕೇಳುತ್ತಾರೆ. ಇಲ್ಲ, ಅದು 'ಬೇಗ ಮಾಗುವುದು' ಅನ್ನುವ ಬೇರೆ ಲ್ಯಾಟಿನ್ ಪದದಿಂದ ಬಂದದ್ದು.

ನನಗೆ ಜಾಸ್ತಿ ಇಷ್ಟ ಅಪ್ರಿಸಿಟಿಯ ಬೇರು. ಲ್ಯಾಟಿನ್‌ನಲ್ಲಿ ಅಪ್ರಿಕಸ್ ಅಂದರೆ ಬಿಸಿಲು ಚೆನ್ನಾಗಿ ಬೀಳುವಂಥದ್ದು, ಅಪ್ರಿಕಾರಿ ಅದರದೇ ಕ್ರಿಯಾಪದ, ಬಿಸಿಲಿಗೆ ಮೈಯೊಡ್ಡುವುದು ಅಂತ. ಗ್ರೀಕ್ ತತ್ವಜ್ಞಾನಿ ಡಯೋಜನಿಸ್ ಕಥೆ ಗೊತ್ತಲ್ಲ? ಏನು ಬೇಕು ಹೇಳು ಅಂತ ಎದುರಿಗೆ ಬಂದು ನಿಂತ ಅಲೆಕ್ಸಾಂಡರನಿಗೇ, ಬಿಸಿಲಿಗೆ ಅಡ್ಡ ನಿಂತಿದ್ದೀಯ, ಸ್ವಲ್ಪ ಸರಿ ಅಂದವನು. ರೋಮ್‌ನ ಲೇಖಕ ಸಿಸಿರೊ ಈ ಕಥೆ ಹೇಳುವಾಗ ಬಳಸಿದ್ದು ಇದೇ ಕ್ರಿಯಾಪದ. ಕನ್ನಡಕ್ಕೆ ತರಲು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಯೋಜನಿಸ್ ಬಿಸಿಲು ಕಾಯಿಸುತ್ತಾ ಕೂತಿದ್ದ!

ಎಳೆಬಿಸಿಲು ಅನ್ನಬಹುದಲ್ವಾ ಅನ್ನುತ್ತಾರೆ ಕೆಲವರು. ಎಳೆಬಿಸಿಲು ಹೊತ್ತಿನ ಮಾತು, ಏಪ್ರಿಲ್‌ನಲ್ಲೂ ಬೆಳಗ್ಗೆ ಏಳಕ್ಕೆ ಬಿದ್ದಿರುತ್ತದೆ. ಸಂಸ್ಕೃತದಿಂದ ಹೊಸ ಪದ ಕಟ್ಟೋಣ ಅನ್ನುವವರೂ ಇದ್ದಾರೆ. ಸುಮ್ನೆ ಯಾಕೆ? ಹೆಂಚು ಕಾಯುತ್ತದೆ, ಎಣ್ಣೆ ಕಾಯುತ್ತದೆ, ಚಳಿಗೆ ಬೆಂಕಿ ಕಾಯಿಸುತ್ತೇವೆ, ಹಾಗೇ ಬಿಸಿಲನ್ನೂ ಕಾಯಿಸುತ್ತೇವೆ. ಚಳಿ ಆ ಮಾತಿನ ಒಳಗೇ ಇದೆ. ಮೇ ತಿಂಗಳ ಮಧ್ಯಾಹ್ನ ಯಾರೂ ಬಿಸಿಲು ಕಾಯಿಸುವುದಿಲ್ಲ, ಬಿಸಿಲಲ್ಲಿ ಬೇಯುತ್ತಾರೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ಊರು ನಮ್ಮದು, 1884ರ ಜನವರಿ 13ರಂದು ಇಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. ಈಗ ಅಷ್ಟು ಚಳಿ ಇಲ್ಲ, ಆದರೂ ಜನವರಿಯ ಬೆಳಗ್ಗೆ ಲಾಲ್‌ಬಾಗಿನ ಬಂಡೆ ಮೇಲೆ ನೋಡಿ, ಮುಖವನ್ನು ಸೂರ್ಯನಿಗೆ ಕೊಟ್ಟು ಕಣ್ಣು ಮುಚ್ಚಿ ನಿಂತವರು ಎಷ್ಟು ಜನ! ಬಸವನಗುಡಿಯ ನಮ್ಮ ಹಳೇ ಮನೆಯ ಜಗಲಿಗೆ ಒಂಬತ್ತು ಗಂಟೆಗೆ ಬಿಸಿಲು ಬರುತ್ತಿತ್ತು. ಅಜ್ಜಿ ಮೊರದ ತುಂಬ ಸೊಗಡಿನ ಅವರೆಕಾಯಿ ಹಿಡಿದು ಬಂದು ಕೂರುತ್ತಿದ್ದರು. ಒಳಗೆ ನಡುಗುತ್ತಾ ಕೂತ ನನಗೆ ಅಲ್ಲಿಂದಲೇ ಕೂಗು: 'ಬಾರೋ, ಬಿಸಿಲು ಕಾಯಿಸ್ಕೋ. ಹಾಗೇ ನಾಲ್ಕು ಕಾಯಿ ಬಿಡಿಸು.'