ನಮ್ಮದು ನೀರಿನ ಕರೆಂಟು

"ನಮ್ಮದು ನೀರಿನ ಕರೆಂಟು ಮಾರಾಯ, ಹೊಗೆ ಏನಿದ್ದರೂ ರಾಯಚೂರಿನವರಿಗೆ."

ಮೊನ್ನೆ ಕುಶಾಲನಗರದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೋಟದ ಹಿರಿಯರೊಬ್ಬರು ಮೆಕ್ಯಾನಿಕ್ ಹುಡುಗನಿಗೆ ಹೇಳಿದ ಮಾತಿದು. ಮೊಬೈಲಿನಲ್ಲಿ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿತ್ರ. ಅವರು ಬೆರಳಿಟ್ಟು ತೋರಿಸಿದ್ದು ದಪ್ಪ ಗೋಪುರಗಳ ಮೇಲಿನ ಬಿಳಿ ಮೋಡವನ್ನು. "ಹೌದಾ ಸಾರ್" ಎಂದು ಹುಡುಗ ಮತ್ತೆ ತಾಮ್ರದ ತಂತಿ ಸುತ್ತತೊಡಗಿದ. ಹಿರಿಯರು ತಿಳಿದವರು, ಮರ ಕಡಿಯಲು ಬಿಡದವರು. ಅದಕ್ಕೇ ಆ ಮಾತು ಇನ್ನೂ ಚುಚ್ಚುತ್ತಿದೆ.

ಆ ಬಿಳಿ ಮೋಡ ಹೊಗೆಯಲ್ಲ, ಸ್ಥಾವರದ ಬಿಸಿನೀರನ್ನು ತಣಿಸುವ ಕೂಲಿಂಗ್ ಟವರಿನ ನೀರಾವಿ. ಒಂದು ಯೂನಿಟ್ ವಿದ್ಯುತ್ತೆಂದರೆ 860 ಕಿಲೋಕ್ಯಾಲರಿ. ಅದನ್ನು ಹುಟ್ಟಿಸಲು 210 ಮೆಗಾವಾಟಿನ ಹಳೆಯ ಘಟಕ ಸುಮಾರು 2,450 ಕಿಲೋಕ್ಯಾಲರಿಯಷ್ಟು ಕಲ್ಲಿದ್ದಲು ಸುಡುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು, ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ಮೂಲಕ ಹೀಗೆ ಗಾಳಿಗೆ ಹೋಗುತ್ತದೆ. ನಿಜವಾದ ಹೊಗೆ ಪಕ್ಕದ ಎತ್ತರದ ಚಿಮಣಿಯದು. ಬೂದಿ ಹಿಡಿಯುವ ಇಎಸ್‌ಪಿ ಸರಿಯಿದ್ದರೆ ಅದು ಕಣ್ಣಿಗೆ ಕಾಣುವುದೇ ಕಡಿಮೆ. ಗಂಧಕದ ಡೈಆಕ್ಸೈಡಿಗೆ ಬಣ್ಣವೇ ಇಲ್ಲ.

ರಾಯಚೂರಿನಲ್ಲಿ 210ರ ಏಳು ಘಟಕ, 250ರ ಒಂದು, ಒಟ್ಟು 1,720 ಮೆಗಾವಾಟ್. ಒಂದೇ 210ರ ಘಟಕ ದಿನವಿಡೀ ಪೂರ್ತಿ ಓಡಿದರೆ ಐವತ್ತು ಲಕ್ಷ ಯೂನಿಟ್. ಅದಕ್ಕೆ ಸುಮಾರು 3,400 ಟನ್ ಕಲ್ಲಿದ್ದಲು, ಹತ್ತಿರಹತ್ತಿರ ಒಂದು ಗೂಡ್ಸ್ ರೈಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೂದಿಯೇ. ದಿನಕ್ಕೆ 1,200 ಟನ್! ಅರ್ಧ ಶೇಕಡಾ ಗಂಧಕವೆಂದರೂ 17 ಟನ್. ಉರಿದಾಗ ತೂಕ ಇಮ್ಮಡಿಯಾಗಿ 34 ಟನ್ ಗಂಧಕದ ಡೈಆಕ್ಸೈಡು. ಹೊಗೆಯಿಂದ ಅದನ್ನು ತೊಳೆದು ತೆಗೆಯುವ ಎಫ್‌ಜಿಡಿ ಯಂತ್ರವನ್ನು 2015ರ ನಿಯಮ ಬಹುತೇಕ ಸ್ಥಾವರಗಳಿಗೆ ಅನಿವಾರ್ಯವಾಗಿಸಿತ್ತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಅವುಗಳಲ್ಲಿ ಹೆಚ್ಚಿನವಕ್ಕೆ ವಿನಾಯಿತಿ ಕೊಟ್ಟುಬಿಟ್ಟಿತು. ಇದು ತಪ್ಪು ನಿರ್ಧಾರ.

"ನೀರಿನ ಕರೆಂಟು." ಕಾವೇರಿ ನಮ್ಮಲ್ಲಿ ಹುಟ್ಟುತ್ತಾಳೆ, ಶಿವನಸಮುದ್ರ 1902ರಿಂದ ವಿದ್ಯುತ್ ಕೊಡುತ್ತಿದೆ, ಎಲ್ಲ ಸರಿ. ಆದರೆ ಅದರ ಸಾಮರ್ಥ್ಯ 42 ಮೆಗಾವಾಟ್. ಗ್ರಿಡ್ಡಿಗೆ ಬಿದ್ದ ಮೇಲೆ ಯಾವ ಯೂನಿಟ್ ನೀರಿನದು, ಯಾವುದು ಕಲ್ಲಿದ್ದಲಿನದು ಎಂದು ಬೇರ್ಪಡಿಸಲಾಗದು. ಅದೂ ಕೊಡಗಿಗೆ ವಿದ್ಯುತ್ ಹೆಚ್ಚು ಬೇಕಾಗುವುದು ಫೆಬ್ರವರಿ, ಮಾರ್ಚಿನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಅದೇ ಹೊತ್ತಿಗೆ ಜಲಾಶಯಗಳ ನೀರನ್ನು ಬೇಸಿಗೆಗೆಂದು ಹಿಡಿದಿಡುತ್ತಾರೆ, ಕಲ್ಲಿದ್ದಲಿನ ಮೇಲೆಯೇ ಭಾರ ಬೀಳುತ್ತದೆ.

ಹತ್ತು ಎಚ್‌ಪಿ ಮೋಟಾರು ರಾತ್ರಿ ಹತ್ತು ಗಂಟೆ ಓಡಿದರೆ ಸುಮಾರು 85 ಯೂನಿಟ್. ಸ್ಥಾವರ ತನ್ನ ಮಿಲ್ಲು, ಫ್ಯಾನು, ಪಂಪುಗಳಿಗೇ ಶೇಕಡಾ ಎಂಟೊಂಬತ್ತು ತಿನ್ನುತ್ತದೆ, ದಾರಿಯ ನಷ್ಟ ಬೇರೆ. ಅಲ್ಲಿ ನೂರು ಯೂನಿಟ್ ಹುಟ್ಟಬೇಕು. ಅಷ್ಟೂ ಕಲ್ಲಿದ್ದಲಿನದೇ ಆದರೆ 68 ಕಿಲೋ ಕಲ್ಲಿದ್ದಲು, 24 ಕಿಲೋ ಬೂದಿ, 90 ಕಿಲೋದಷ್ಟು ಇಂಗಾಲದ ಡೈಆಕ್ಸೈಡು. ಆ ಬೂದಿಯೂ ರಾಯಚೂರಿನಲ್ಲೇ ಉಳಿಯುವುದಿಲ್ಲ. ಪಿಪಿಸಿ ಸಿಮೆಂಟಿನಲ್ಲಿ ಶೇಕಡಾ 35ರವರೆಗೆ ಹಾರುಬೂದಿ ಬೆರೆಸಬಹುದು. ನಮ್ಮ ಎಷ್ಟೋ ಕಾಫಿ ಕಣಗಳು ಅದೇ ಸಿಮೆಂಟಿನವು.

ಹಗಲು ಸೋಲಾರ್ ತುಂಬಿದಾಗ ಈ ಘಟಕಗಳನ್ನು ಅರ್ಧದಷ್ಟಕ್ಕೆ ಇಳಿಸಿ, ಸಂಜೆ ಮತ್ತೆ ಏರಿಸುತ್ತಾರೆ. ಇಳಿಸಿದಾಗ ಯೂನಿಟ್ಟಿಗೆ ತಗಲುವ ಕಲ್ಲಿದ್ದಲು ಹೆಚ್ಚು. ಘಟಕ ಪೂರ್ತಿ ನಿಂತು ತಣ್ಣಗಾದರೆ ಮತ್ತೆ ಹೊತ್ತಿಸಲು ಫರ್ನೇಸ್ ಎಣ್ಣೆ ಬೇಕು. ಅರೆ ಉರಿದ ಎಣ್ಣೆ ಇಎಸ್‌ಪಿ ತಗಡುಗಳಿಗೆ ಅಂಟಬಾರದೆಂದು ಆಗ ಇಎಸ್‌ಪಿಯನ್ನು ಪೂರ್ತಿ ಚಾಲೂ ಮಾಡುವುದಿಲ್ಲ. ಚಿಮಣಿ ಕಪ್ಪಗೆ ಉಗುಳುವುದು ಆ ಗಂಟೆಗಳಲ್ಲಿ.

ಹಾಗಾಗಿ ಪಂಪು ಹಗಲು ಓಡಿದರೆ ಮೇಲು. ಆದರೆ ನಡುಹಗಲಿನ ಬಿಸಿಲು ಗಾಳಿಗೆ ಸ್ಪ್ರಿಂಕ್ಲರ್ ನೀರು ಆವಿಯಾಗಿ ಹೋಗುತ್ತದೆ, ರಾತ್ರಿ ಹಾಕುವವರಿಗೆ ಅವರದೇ ಕಾರಣವಿದೆ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ತ್ರೀಫೇಸ್ ಕೈಕೊಡದೆ ಸಿಕ್ಕರೆ ಎರಡಕ್ಕೂ ಹೊಂದುತ್ತದೆ. ಬೆಳೆಗಾರರ ಸಭೆಗಳಲ್ಲಿ ಬಿಲ್ಲಿನ ಜೊತೆಗೆ ಇದನ್ನೂ ಕೇಳಬೇಕು.